ಬಾವಿಕಟ್ಟೆಯ ಫೋಟೋ

ಇದು ಯಾರೋ ಎಲ್ಲೋ ಕೇಳಿದ್ದಲ್ಲ, ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ಮನೆಯಲ್ಲಿ ಅವನಿಗೆ ‘ಕ್ಯಾಮೆರಾ’ ಅಂತಲೇ ಹೆಸರು. ಇದ್ದದ್ದನ್ನು ಇದ್ದ ಹಾಗೇ ಹಿಡಿಯುವ ಫೋಟೋಗ್ರಾಫರ್ ನಾನು ಅಂತ ನಾಲ್ಕು ಜನರ ಮುಂದೆ ಎದೆ ಉಬ್ಬಿಸುತ್ತಿದ್ದ, ಪುಣ್ಯಾತ್ಮ.

ಅವತ್ತು ರಾತ್ರಿ ಅವನು ಹಾಳುಬಾವಿಯ ದಾರಿ ಹಿಡಿದು ಅಕ್ಕನ ಮನೆಗೆ ಹೊರಟಿದ್ದ. ಅವಳನ್ನು ಒಂದು ಮಾತು ಕೇಳಲೇಬೇಕಿತ್ತು. ಯಾಕೆ ಅಂದರೆ, ಅವನಿಗೆ ಹೆಸರು ತಂದ ಫೋಟೋ ಒಂದಿತ್ತಲ್ಲ... ಇದೇ ಬಾವಿಕಟ್ಟೆಯ ಮೇಲೆ ಬೆನ್ನು ತಿರುಗಿಸಿ, ತಲೆಗೆ ಸೆರಗು ಹೊದ್ದು ಕೂತ ಹೆಂಗಸು. ನೀರಿಗೆ ಬಿದ್ದ ಆರು ವರ್ಷದ ಮಗಳಿಗಾಗಿ ಇನ್ನೂ ಕಾಯುತ್ತಿದ್ದಾಳೆ ಅಂತ ಕೆಳಗೆ ಬರಹ. ನೋಡಿದವರೆಲ್ಲ ಕಣ್ಣೊರೆಸಿಕೊಂಡಿದ್ದರು. ಆ ಕತೆ ಇವನೇ ಕಟ್ಟಿದ್ದು. ಕೂರಿಸಿದ್ದು ಸ್ವಂತ ಅಕ್ಕನನ್ನು. ಈಗ ಅದೆಲ್ಲ ಸುಳ್ಳಂತೆ ಅನ್ನುವ ಮಾತು ಆ ಫೋಟೋವನ್ನು ಗೋಡೆಗೆ ಹಾಕಿದ್ದ ಪ್ರದರ್ಶನದವರ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಬಂದು ನಿಜ ಹೇಳು, ಸುಳ್ಳಾದರೆ ನಿನ್ನ ಫೋಟೋ ಇನ್ನು ಯಾವ ಗೋಡೆಗೂ ಏರುವುದಿಲ್ಲ ಅಂದಿದ್ದರು. ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಇವನು ಬಾಯಿ ಬಿಟ್ಟಿಲ್ಲ. ಹಾಗಾದರೆ...

ಬಾವಿ ಹತ್ತಿರ ಬಂತು. ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆ ರಾಟೆಗೆ ಹಗ್ಗವೇ ಇರಲಿಲ್ಲ. ಆಮೇಲೆ ತೊಟ್... ತೊಟ್... ಒದ್ದೆ ಬಟ್ಟೆಯಿಂದ ಕಲ್ಲಿನ ಮೇಲೆ ನೀರು ಬೀಳುವ ಸದ್ದು.

ಕಟ್ಟೆಯ ಮೇಲೆ ಹೆಂಗಸು ಕೂತಿದ್ದಳು. ಬೆನ್ನು ಈ ಕಡೆ.

ಅವನಿಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ನನ್ನನ್ನು ಆಟ ಆಡಿಸೋಕೇ ಬಂದು ಕೂತಿದ್ದಾಳೆ ಅಂದುಕೊಂಡ.

“ಅಕ್ಕ, ಅವರಿಗೆ ಹೇಳಿದ್ದು ನೀನೇ ತಾನೆ?”

“ಇನ್ನೂ ಹೇಳಿಲ್ಲ...” ಪಿಸುದನಿ. “ಬೆಳಿಗ್ಗೆ ಹೇಳ್ತೀನಿ.”

“ಹೇಳಿದ್ರೆ ನನ್ನ ಕತೆ ಮುಗೀತು.”

ಅವಳು ತಿರುಗದೆಯೇ ಕೇಳಿದಳು:

“ಅವತ್ತು... ನಾನು ಅಲುಗಾಡ್ಲಿಲ್ಲ ಅಲ್ವಾ?”

ಯಾಕೋ ಅವನಿಗೆ ಅಲ್ಲಿ ನಿಲ್ಲಬೇಕೆನಿಸಲಿಲ್ಲ. ಮಾತು ಬೆಳೆಸದೆ ಬಿರಬಿರನೆ ನಡೆದ. ಮನೆಗೇ ಬರಲಿ, ಅಲ್ಲೇ ಕೇಳಿದರಾಯಿತು ಅಂತ ಅಕ್ಕನ ಬಾಗಿಲ ಮುಂದೆ ನಿಂತು, ಭಾವನನ್ನು ಎಬ್ಬಿಸೋಣ ಅಂತ ಕದ ಬಡಿದ. ಒಳಗೆ ಚಿಲಕ ಟಕ್ಕೆಂದಿತು.

ಬಾಗಿಲು ತೆಗೆದವಳು ಅಕ್ಕ. ಹೆಗಲ ಮೇಲೆ ನಿದ್ದೆಹೋದ ಮಗು.

ಅವನು ಫೋಟೋ ತೆಗೆದ ದಿನದ ಮಾತೆತ್ತಿದ. ಅಕ್ಕನ ಮುಖ ಚಿಕ್ಕದಾಯಿತು.

“ಅವತ್ತು ಇವಳಿಗೆ ಜ್ವರ ಕಣೋ... ನಾನು ಬರಲೇ ಇಲ್ಲ. ಫೋಟೋ ಚೆನ್ನಾಗಿ ಬಂತು ಅಂತ ಕೇಳ್ದೆ. ಬೇರೆ ಯಾರನ್ನೋ ಕೂರಿಸಿದ್ದೀಯ ಅಂದ್ಕೊಂಡು ಸುಮ್ಮನಾದೆ.”

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಅವತ್ತು ತಾವಿಬ್ಬರೂ ಜೊತೆಗಿದ್ದದ್ದು ಯಾರ ಕಣ್ಣಿಗೂ ಬೀಳಬಾರದು ಅಂತ ಮುಸ್ಸಂಜೆಯ ಹೊತ್ತಲ್ಲಿ ದೂರದಲ್ಲೇ ನಿಂತು ತೆಗೆದಿದ್ದ. ಮುಗಿಯಿತು ಅಂತ ಟಾರ್ಚ್ ಬೆಳಕು ತೋರಿಸಿ, ಮಾತಾಡಿಸದೆ ಹೊರಟುಬಿಟ್ಟಿದ್ದ. ಆ ವಿಷಯ ಮನೆಯಲ್ಲಿ ಎತ್ತಲೇಬೇಡ ಅಂತ ಅಕ್ಕನ ಬಾಯಿಗೆ ಬೀಗ ಹಾಕಿಸಿದ್ದವನೂ ಅವನೇ. ಮುಖ... ಮುಖವನ್ನು ಅವನು ನೋಡಿಯೇ ಇರಲಿಲ್ಲ.

ಬೆಳಗಾಗುವ ತನಕ ಅಲ್ಲೇ ಕೂತಿದ್ದ. ಹೆಸರು ಹೋದರೆ ಹೋಗಲಿ, ನಾನೇ ಕಟ್ಟಿದ ಸುಳ್ಳು ಅಂತ ಹೇಳಿ ಆ ಫೋಟೋ ಇಳಿಸಿಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿ ಹೋದ. ಅವನು ಬಾಯಿ ತೆರೆಯುವ ಮೊದಲೇ ಪ್ರದರ್ಶನದವರು ಕೈಕುಲುಕಿದರು, ಯಾರದೋ ಗಾಳಿಮಾತು ನಂಬಿ ಅನುಮಾನಪಟ್ಟದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂದರು.

“ಆಯಮ್ಮ ಈಗಷ್ಟೇ ಬಂದು ಹೋದ್ರು. ಫೋಟೋದಲ್ಲಿರೋದು ನಾನೇ, ಬರ್ದಿರೋದೂ ನಿಜ ಅಂದ್ರು. ಒಂದೇ ಒಂದು ತಪ್ಪಾಗಿದೆಯಂತೆ... ಮಗೂಗೆ ಆರಲ್ಲ, ಏಳು ವರ್ಷ.”

ನಂಬೋದು ಬಿಡೋದು ನಿಮ್ಮಿಷ್ಟ. ನಾನಂತೂ ಕಣ್ಣಾರೆ ನೋಡಿ ಬಂದಿದ್ದೇನೆ. ಆ ಫೋಟೋ ಇವತ್ತಿಗೂ ಅದೇ ಗೋಡೆಯ ಮೇಲಿದೆ. ಕೆಳಗಿನ ಬರಹದಲ್ಲಿ ‘ಆರು’ ಅನ್ನುವುದರ ಮೇಲೆ ಸಣ್ಣ ಚೀಟಿ ಅಂಟಿಸಿ ‘ಏಳು’ ಅಂತ ತಿದ್ದಿದ್ದಾರೆ.