ಕಾಗದದ ಬಂಡೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಕರಾರಾದಲ್ಲಿ ಕಲ್ಲುಗಣಿ ಪಕ್ಕದ ಬಾರ್ ಅಲ್ವಾ ಇದು? ... ಓ, ಅಪ್ಪಾ, ನೀನೇನಾ! ನಾನು ಅದೆಲ್ಮೋ. ರೋಮ್‌ನಿಂದ...

ಯಾವ ಅದೆಲ್ಮೋ ಅಂದ್ರೆ? ನಿನ್ನ ಮಗ. ಒಬ್ಬನೇ ಅಲ್ವಾ ಇರೋದು? ...

ಹಾಂ, ಸಿನಿಮಾ ಪೋಸ್ಟರ್‌ನಲ್ಲಿ ನನ್ನ ಹೆಸರು ಕ್ಲೇ ಡಾಸನ್ ಅಂತಾನೇ ಇದೆ. ಅಮೆರಿಕದ ಹೆಸರಿಲ್ದಿದ್ರೆ ಟಿಕೆಟ್ ಹೋಗಲ್ಲ ಅಂತಾರೆ, ನಾನೇನ್ ಮಾಡ್ಲಿ? ಇಲ್ಲಿ ಎಲ್ರೂ ಹಾಗೇ. ನಮ್ಮ ಸಿನಿಮಾದ ಖಳನಾಯಕನೂ ಅಮೆರಿಕದವನೇ, ಊರು ಮಾತ್ರ ನಮ್ಮ ಪಕ್ಕದ ಲಿವೋರ್ನೋ...

ಧ್ವನಿನೂ ನಂದಲ್ಲ, ಸರಿ. ಬೇರೆ ಯಾರೋ ಆಮೇಲೆ ಮಾತು ಸೇರಿಸ್ತಾರೆ. ಕ್ಯಾಮೆರಾ ಮುಂದೆ ನಾನು ಬರೀ ಒಂದು, ಎರಡು, ಮೂರು ಅಂತಿದ್ದೆ. ಆ ಶಪಥ ಮಾಡೋ ಸೀನಲ್ಲಿ ನಲವತ್ತೇಳರ ತನಕ ಎಣಿಸಿದೀನಿ...

ಅದಕ್ಕೇ 'ಅವನು ನನ್ನ ಮಗನೇ ಅಲ್ಲ' ಅಂತ ಊರೆಲ್ಲ ಹೇಳ್ಕೊಂಡು ಬರೋದಾ? ಭಾನುವಾರ ವಾಂದಾ ಮದುವೆ. ತಂಗಿ ಮದುವೆಗೆ ಅಣ್ಣನ್ನ ಕರೆಯಲ್ವಾ? ...

ಬಂಡೆನಾ? ಯಾವ ಬಂಡೆ? ... ಓ, ಸಿನಿಮಾದಲ್ಲಿ ನಾನು ಎತ್ತೋದಾ.

ಹೌದಪ್ಪಾ, ಕಾಗದದ್ದು. ... ಗೊತ್ತು, ಅಷ್ಟು ದೊಡ್ಡ ಅಮೃತಶಿಲೆ ಅಂದ್ರೆ ಆರು ಟನ್. ... ಎಲ್ರೂ ನಕ್ರಾ? ಇಡೀ ಹಾಲ್? ಪಾದ್ರಿನೂ? ... ಕಲ್ಲು ಒಡೆಯೋರ ಊರಲ್ಲಿ ಆ ಸಿನಿಮಾ ಹಾಕಿದ್ದೇ ತಪ್ಪು. ಬೇರೆಲ್ಲೂ ಯಾರೂ ನಗ್ಲಿಲ್ಲ...

ಮೂವತ್ತು ವರ್ಷ ಕಲ್ಲು ಎಳೆದ ಕೈ ನಿಂದು, ನಾಚಿಕೆ ಆಗಿರ್ಬೇಕು. ನಂಗೂ ಆಯ್ತು, ಸುಳ್ಳು ಹೇಳಲ್ಲ. ಒಂದೇ ಕೈಲಿ ಎತ್ತಿಬಿಟ್ಟಿದ್ದೆ, ಎರಡೂ ಕೈ ಹಾಕೋ ಅಂತ ಡೈರೆಕ್ಟರ್ ಬೈದ್ರು...

ಹೋಗ್ಲಿ ಬಿಡು. ವಾಂದಾಗೆ ಒಳ್ಳೇದಾಗ್ಲಿ ಅಂದೆ ಅಂತ ಹೇಳು. ಇಡ್ಲಾ? ...

ಏನು? ಯಾವ ಮಂಡಿ? ...

ಕೋಟೆ ಬಾಗಿಲು ಬೀಳೋ ಸೀನಾ? ... ಎಡಮಂಡಿ ಹೊರಕ್ಕೆ ತಿರುಗಿದ್ದು ನೋಡಿದ್ಯಾ? ... ಹೌದು. ಆ ಭಾರ ನಿಜ, ನಿಜವಾಗಿ ಹೊತ್ತೋರ ಮಂಡಿ ಮಾತ್ರ ಹಂಗೆ ತಿರುಗೋದು. ಹಗ್ಗ ಕಿತ್ತುಹೋಯ್ತು ಅಪ್ಪಾ. ಗಟ್ಟಿ ಮರದ ಬಾಗಿಲು, ಕಬ್ಬಿಣದ ಪಟ್ಟಿ ಬೇರೆ, ಐದು ಕ್ವಿಂಟಲ್ ಇತ್ತು. ಹಿಂದುಗಡೆ ಇಬ್ರು ಬಡಗಿಗಳು ಸಿಕ್ಕಾಕ್ಕೊಂಡಿದ್ರು. ಅವರು ತೆವಳ್ಕೊಂಡು ಆಚೆ ಬರೋ ತನಕ ಬೆನ್ನಲ್ಲಿ ಹಿಡ್ಕೊಂಡಿದ್ದೆ...

ಇಲ್ಲ, ಸಿನಿಮಾ ನೋಡಿದೋರು ಯಾರಿಗೂ ಗೊತ್ತಾಗ್ಲಿಲ್ಲ. ವೀರ ಅನ್ನೋನು ಹಂಗೆ ಮುಖ ಕಿವುಚಬಾರ್ದು ಅಂತ ಡೈರೆಕ್ಟರ್ ನಾಲ್ಕೇ ಸೆಕೆಂಡ್ ಇಟ್ರು. ಅಷ್ಟು ಜನ ನೋಡಿದಾರೆ, ಕೇಳಿದ್ದು ನೀನೊಬ್ನೇ...

ಅಳ್ತಿಲ್ಲ. ನೆಗಡಿ...

ಭುಜನಾ? ಬಲಗೈ ಇನ್ನೂ ಮೇಲೆ ಏಳಲ್ಲ. ... ಹಾಂ, ಎಣ್ಣೆ ತಿಕ್ತಿದೀನಿ. ... ಅಯ್ಯೋ, ಸಿನಿಮಾದವರು ಹಚ್ಚೋ ಎಣ್ಣೆ ಅಲ್ಲ, ಅದು ಮೈ ಹೊಳೆಯೋಕೆ...

ಅಪ್ಪಾ, ಬೇಗ ಹೇಳು, ಫೋನಿಗೆ ಹಾಕೋ ಕೊನೇ ಬಿಲ್ಲೆನೂ ಒಳಗೆ ಹೋಯ್ತು. ಭಾನುವಾರ ಬರ್ಲಾ, ಬೇಡ್ವಾ? ...

ಪಕ್ಕದಲ್ಲಿ ಯಾರದು, ಯಾರ ಫೋನು ಅಂತ ಕೇಳ್ತಿರೋದು? ... ಅವರಿಗೆ ಏನಂದೆ? ... ಕೇಳಿಸ್ಲಿಲ್ಲ, ಜೋರಾಗಿ ಹೇಳು, ಇನ್ನೊಂದ್ಸಲ ಹೇಳು... 'ನನ್ನ ಮಗ' ಅಂದ್ಯಾ? ... ಅಪ್ಪಾ? ಹಲೋ? ... ಹಲೋ...