ಪೂವಮ್ಮ ಬೀಳದ ಬಾವಿ

ಆ ಕಿಟಕಿ ಹಾಕಿ ಬಾ ಒಮ್ಮೆ. ಕೊಂಡಿಯೂ ಹಾಕು... ಹಾಂ. ಇದು ಕತೆ ಅಲ್ಲ, ಮೊದಲೇ ಹೇಳಿಬಿಡ್ತೇನೆ. ನನ್ನ ಚಿಕ್ಕಮ್ಮನ ಮಗಳು ದೀಕ್ಷಿತಾಳಿಗೆ ಆದದ್ದು. ಕೊನೆಗೆ ನಾನೂ ಅದರೊಳಗೆ ಬಿದ್ದೆ.

ಕಬಕದಲ್ಲಿ ಬಸ್ಸಿಳಿದರೆ ಅವಳ ಮನೆಗೆ ಹತ್ತು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಒಂದು ಆಲದ ಮರ, ಮರದ ಆಚೆ ಲೋಲಾಕ್ಷಿಯಕ್ಕನ ಬಾವಿ. ಲೋಲಾಕ್ಷಿಯಕ್ಕ ಬೀಡಿ ಕಟ್ಟಿಕೊಂಡು ಒಬ್ಬರೇ ಇರುವವರು. ಕಳ್ಳರ ಹೆದರಿಕೆಗೆ ಸಂಜೆಯಾದರೆ ಹಗ್ಗ, ಕೊಡಪಾನ ಎರಡನ್ನೂ ಒಳಗೆ ಇಟ್ಟುಬಿಡ್ತಾರೆ. ಹೊರಗೆ ಉಳಿಯುದು ಬರೀ ರಾಟೆ.

ಆವತ್ತು ರಾತ್ರಿ ಒಂಬತ್ತೂವರೆ. ದೀಕ್ಷಿತಾ ಮೊಬೈಲ್ ನೋಡಿಕೊಂಡೇ ಬರ್ತಾ ಇದ್ದಳು, ಮುಖದಲ್ಲಿ ನಗು. ಮರದ ಹತ್ತಿರ ಬಂದಾಗ...

ಕಿರ್... ಕಿರ್... ಕಿರ್...

ಎಣ್ಣೆ ಕಾಣದ ರಾಟೆ ತಿರುಗುವ ಶಬ್ದ. ನಿಂತಿತು. ಆಮೇಲೆ ತುಂಬಾ ಕೆಳಗೆ... ಬುಳುಕ್.

ಮೊಬೈಲಿನ ಬೆಳಕು ಬಿಟ್ಟಳು. ರಾಟೆಗೆ ಹಗ್ಗ ಇಲ್ಲ. ಬಾವಿಕಟ್ಟೆಯ ಮೇಲೆ ಒಬ್ಬಳು ಮುದುಕಿ, ಬೆನ್ನು ಹಾಕಿ ಕೂತಿದ್ದಾಳೆ. ಸೀರೆ ಮೈಗೆ ಅಂಟಿಕೊಂಡಿದೆ. ಸೆರಗಿನಿಂದ ನೀರು ಕಲ್ಲಿನ ಮೇಲೆ ಟಪ್... ಟಪ್...

"ಯಾರು?" ಅಂದಳು ಇವಳು.

ಮುದುಕಿ ತಿರುಗಲಿಲ್ಲ. ಪಿಸುಮಾತಿನಲ್ಲಿ ಕೇಳಿದಳು: "ಇಲ್ಲೇ ತೇಳಿ ಹೇಳ್ದ್ ನೀನೇ ಅಲ್ಲಾ?"

ಇಲ್ಲೇ ಅಂತ ಹೇಳಿದ್ದು ನೀನೇ ಅಲ್ವಾ, ಅಂತ. ಅರೆಭಾಷೆ. ಸುಳ್ಯ ಕಡೆಯ ಗೌಡರ ಮನೆಮಾತು. ಕಬಕದಲ್ಲಿ ಆ ಹೊತ್ತಿಗೆ ಅದನ್ನು ಯಾರು ಮಾತಾಡುದು ಮಾರಾಯ? ದೀಕ್ಷಿತಾ ಮನೆ ಸೇರಿದ್ದು ಹೇಗೆ ಅಂತ ಅವಳಿಗೇ ಗೊತ್ತಿಲ್ಲ. ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು.

ಇನ್ನು ಅವಳು ಮಾಡಿದ ಕೆಲಸ ಕೇಳಿ.

ನಾಲ್ಕು ತಿಂಗಳಿಂದ ಪುತ್ತೂರಿನ ಒಂದು ಸಣ್ಣ ನ್ಯೂಸ್ ಚಾನೆಲಿನಲ್ಲಿ ಕೆಲಸ ಕಲೀತಾ ಇದ್ದಳು. ಚಾನೆಲ್ ಅಂದ್ರೆ ದೊಡ್ಡದೆಂತ ಅಲ್ಲ. ಅಂಗಡಿಯ ಮೇಲೆ ಎರಡು ಕೋಣೆ, ಮೊಬೈಲಿನಲ್ಲಿ ಬರುವ ಸುದ್ದಿ. ಕಲಿಸುವವರು ಹಂಝಾಕ. ಇಪ್ಪತ್ತು ವರ್ಷ ಸುಳ್ಯ, ಕಡಬ ಅಂತ ತಿರುಗಿ ಮದುವೆ, ಬೊಜ್ಜ ಅಂದ್ರೆ ಸತ್ತವರ ಉತ್ತರಕ್ರಿಯೆ, ಎಲ್ಲದರ ವಿಡಿಯೋ ತೆಗೆದ ಮನುಷ್ಯ. ಅವರ ಪಾಠ ಇವಳಿಗೆ ಬಾಯಿಪಾಠ. ಹೋದ ಕೂಡಲೇ ಕ್ಯಾಮರಾ ತೆಗೀಬೇಡ, ಮೊದಲು ಕಣ್ಣಲ್ಲಿ ನೋಡು. ದೂರದಿಂದ ಒಂದು, ಹತ್ತಿರದಿಂದ ಒಂದು, ಕೈ ಎಂತ ಮಾಡ್ತಾ ಉಂಟು ಅದೊಂದು. ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಶಬ್ದ. ಬರೆದದ್ದನ್ನು ಗಟ್ಟಿಯಾಗಿ ಓದು, ನಾಲಿಗೆ ತಡವರಿಸಿದಲ್ಲಿ ಕತ್ತರಿಸು. ಮತ್ತೆ, ಬೇರೆ ಜಾಗದ ಚಿತ್ರ ಹಾಕಿದರೆ ಮೂಲೆಯಲ್ಲಿ "ಸಾಂದರ್ಭಿಕ ಚಿತ್ರ" ಅಂತ ಬರೀಲೇಬೇಕು.

ಹುಡುಗಿ ಚುರುಕು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಚಾನೆಲಿನ ಯಜಮಾನ ಯತಿನ್ ಹೇಳಿಬಿಟ್ಟಿದ್ದ: "ಈ ತಿಂಗಳಲ್ಲಿ ಒಂದು ವಿಡಿಯೋ ಆದ್ರೂ ಓಡ್ಬೇಕು. ಇಲ್ಲದಿದ್ರೆ ಒಂದನೇ ತಾರೀಕಿಂದ ಬರುದು ಬೇಡ."

ಮುದುಕಿ ಕಂಡ ಆ ದಿನವೇ ಸಂಜೆ ಆರು ಗಂಟೆಗೆ ಸುದ್ದಿ ಬಂತು. ಸುಳ್ಯದಿಂದಲೂ ಒಳಗೆ ಒಂದು ಹಳ್ಳಿಯಲ್ಲಿ ಪೂವಮ್ಮ ಅಂತ ಒಬ್ಬರು ಅಜ್ಜಿ ಮನೆಯ ಬಾವಿಗೆ ಕಾಲುಜಾರಿ ಬಿದ್ದು ಸತ್ತಿದ್ದಾರೆ. ಅಲ್ಲಿಂದ ಯಾರೋ ಒಬ್ಬರು, ಅಜ್ಜಿಯ ಮಗ ಮೇದಪ್ಪ ಅಳುತ್ತಾ ಮಾತಾಡಿದ ವಿಡಿಯೋ ತುಣುಕು ಕಳಿಸಿದ್ದರು. ಬಾವಿಯ ಚಿತ್ರ ಇಲ್ಲ. ಎಂಟು ಗಂಟೆಗೆ ಸುದ್ದಿ ಹೋಗ್ಬೇಕು. ಹಂಝಾಕ ಆವತ್ತು ತಂಗಿ ಮನೆಗೆ ಕೊಯಿಲಕ್ಕೆ ಹೋಗಿದ್ದರು.

"ಬಾವಿ ಇಲ್ಲದೆ ಎಂತ ಸುದ್ದಿ?" ಅಂದ ಯತಿನ್.

ದೀಕ್ಷಿತಾಳ ಮೊಬೈಲಿನಲ್ಲಿ ಬಾವಿ ಇತ್ತು. ಲೋಲಾಕ್ಷಿಯಕ್ಕನದ್ದು. ಹಿಂದಿನ ಭಾನುವಾರ ಅಭ್ಯಾಸಕ್ಕೆ ಅಂತ ತೆಗೆದದ್ದು, ರಾಟೆ, ಪಾಚಿ, ಕೆಳಗೆ ಕಪ್ಪು ನೀರು. ಅದನ್ನೇ ಹಾಕಿದಳು. ಮೂಲೆಯಲ್ಲಿ "ಸಾಂದರ್ಭಿಕ ಚಿತ್ರ" ಅಂತ ಬರೆದಳು ಸಹ. ಆಮೇಲೆ, ಆ ಅಕ್ಷರದಿಂದ ಬಾವಿಯ ಅಂದ ಕೆಡ್ತದೆ ಅಂತ ಕಂಡಿತಂತೆ... ಅಳಿಸಿದಳು. ಮೇಲಿಂದ ತನ್ನದೇ ಸ್ವರದಲ್ಲಿ ಹೇಳಿದಳು: "ಪೂವಮ್ಮ ಕೊನೆಯುಸಿರೆಳೆದದ್ದು ಇದೇ ಬಾವಿಯಲ್ಲಿ."

ವಿಡಿಯೋ ಓಡಿತು. ಓಡಿದ್ದು ಎಂತ, ಹಾರಿತು. ಬಸ್ಸಿಳಿದು ನಡೆಯುವಾಗ ಮೊಬೈಲ್ ನೋಡಿ ನಗ್ತಾ ಇದ್ದದ್ದು ಅದಕ್ಕೇ.

ಮರುದಿನ ಹಂಝಾಕ ವಿಡಿಯೋ ನೋಡಿದರು. ಕಿವಿಗೆ ಇಯರ್‌ಫೋನ್ ಹಾಕಿ ಎರಡನೇ ಸಲ ನೋಡಿದರು.

"ಇದು ಯಾವ ಬಾವಿ?"

ದೀಕ್ಷಿತಾ ಹೇಳಿದಳು. ರಾತ್ರಿ ಕಂಡದ್ದನ್ನೂ ಹೇಳಿದಳು. ಅವರು ನಗ್ತಾರೆ ಅಂತ ಎಣಿಸಿದ್ದಳು. ನಗಲಿಲ್ಲ.

"ಆ ಪೂವಮ್ಮನ ಕುಟುಂಬದಲ್ಲಿ ಒಂದು ಕ್ರಮ ಉಂಟು. ನಾನೇ ವಿಡಿಯೋ ಮಾಡಿದ್ದೇನೆ. ನೀರಲ್ಲಿ ಹೋದವರನ್ನು ಹದಿನಾರನೇ ದಿನ ಆ ನೀರಿನ ಹತ್ತಿರವೇ ಹೋಗಿ ಮೂರು ಸಲ ಕರೆಯುದು. ಕರೆದು ಮನೆಯೊಳಗೆ ಕರ್ಕೊಂಡು ಹೋಗುದು. ಆ ದಿನ ತಪ್ಪಿದ್ರೆ ಅವರು ಹೊರಗೇ." ಇಯರ್‌ಫೋನ್ ಸುತ್ತಿಟ್ಟು ಮತ್ತೆ ಹೇಳಿದರು: "ಸತ್ತವಳ ವಿಳಾಸ ತಪ್ಪು ಬರೆದದ್ದು ನೀನು. ಆ ವಿಡಿಯೋ ಚಾನೆಲಿಂದ ತೆಗಿ. ತಪ್ಪಾಯ್ತು ಅಂತ ಹಾಕು. ಹೋಗಿ ಆ ಮಗನಿಗೆ ಹೇಳು. ಕ್ಯಾಮರಾ ತಗೊಂಡು ಹೋಗ್ಬೇಡ."

"ಒಂದನೇ ತಾರೀಕು ಕಳೀಲಿ ಹಂಝಾಕ. ಈಗ ತೆಗೆದ್ರೆ ಯತಿನ್ ಸರ್ ನನ್ನನ್ನೇ ತೆಗೀತಾರೆ."

ಹದಿನಾರನೇ ದಿನ ಬರುದು ಒಂದನೇ ತಾರೀಕಿಗಿಂತ ಎರಡು ದಿನ ಮೊದಲು. ಹಂಝಾಕ ಮತ್ತೆ ಅವಳೊಟ್ಟಿಗೆ ಮಾತೇ ಆಡಲಿಲ್ಲ.

ಲೋಲಾಕ್ಷಿಯಕ್ಕ ಒಂದು ವಾರದೊಳಗೆ ಆ ಬಾವಿ ನೀರು ಕುಡಿಯುದು ಬಿಟ್ಟರು. ಸಾಹುಲ್ ಹಮೀದರ ಹೋಟೆಲಿಂದ ಕೊಡದಲ್ಲಿ ತರುವುದು. ಕೇಳಿದರೆ ಕಿವಿಯ ಹತ್ತಿರ ಬಂದು, "ರಾತ್ರಿ ಯಾರೋ ಸೇದ್ತಾರೆ ಮಗಾ... ಬೆಳಿಗ್ಗೆ ನಾನು ಸೇದಿದ ಕೊಡಪಾನದಲ್ಲಿ ಬಿಳಿ ಕೂದಲು." ವಿಡಿಯೋದ ವಿಷಯ ದೀಕ್ಷಿತಾ ಹೇಳಲಿಲ್ಲ. ಜಂಕ್ಷನ್ನಿಂದ ರಿಕ್ಷಾ ಹಿಡಿದು ಕಣ್ಣು ಮುಚ್ಚಿ ಮನೆಗೆ ಹೋಗುದು ಮಾಡಿದಳು.

ಹದಿನೈದನೇ ರಾತ್ರಿ. ಮಲಗಿದ್ದಾಳೆ. ಕಿಟಕಿಯ ಹೊರಗೆ, ಸಿಮೆಂಟಿನ ಮೇಲೆ... ಟಪ್... ಟಪ್... ಮಳೆ ಇಲ್ಲ, ಪೈಪಿಲ್ಲ. ಆಮೇಲೆ ಅದೇ ಪಿಸುಮಾತು. ಅರೆಭಾಷೆಯಲ್ಲೇ ಹೇಳಿದ್ದು, ನಾನು ನಮ್ಮ ಮಾತಲ್ಲಿ ಹೇಳ್ತೇನೆ.

"ನಾಳೆ ನನ್ನನ್ನು ಕರೀತಾರೆ... ನಾನು ಎಲ್ಲಿ ನಿಲ್ಬೇಕು?"

ಬೆಳಿಗ್ಗೆ ದೀಕ್ಷಿತಾ ಆಫೀಸಿಗೆ ಹೋಗಿ ವಿಡಿಯೋ ಅಳಿಸಿದಳು. ಯತಿನ್ ಎಲ್ಲರೆದುರೇ ಬೈದು ಹೊರಗೆ ಹಾಕಿದ. ಮಧ್ಯಾಹ್ನ ನನಗೆ ಫೋನ್: "ಅಣ್ಣ, ನಿನ್ನ ಓಮ್ನಿ ತಾ. ಸುಳ್ಯಕ್ಕೆ ಹೋಗ್ಲಿಕ್ಕುಂಟು." ದಾರಿಯಲ್ಲಿ ಅತ್ತುಕೊಂಡು ಎಲ್ಲ ಹೇಳಿದಳು. ನನಗೆ ಅರ್ಧ ಸಿಟ್ಟು, ಅರ್ಧ ನಗು. ಮಣ್ಣಿನ ರಸ್ತೆಯಲ್ಲಿ ದಾರಿ ತಪ್ಪಿ, ಕೇಳಿ ಕೇಳಿ, ಮೇದಪ್ಪನ ಮನೆ ಮುಟ್ಟುವಾಗ ಮೂರು ಸಂಧ್ಯೆ.

ಆಗಲೇ ಎಲ್ಲರೂ ಬಾವಿಯ ಹತ್ತಿರ ನಿಂತಿದ್ದರು. ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಕರೆಯುವವನು ಬಿಟ್ಟು ಯಾರೂ ತುಟಿ ಬಿಚ್ಚಬಾರದು. ಮೇದಪ್ಪ ಐವತ್ತು ದಾಟಿದ ಗಂಡಸು, ಮಗುವಿನ ಹಾಗೆ ಬಾವಿಗೆ ಬಗ್ಗಿ ಕರೆದ.

"ಅಮ್ಮಾ... ಬಾ... ಮನೆಗೆ ಹೋಗುವ..."

ದೀಕ್ಷಿತಾ ನನ್ನ ತೋಳು ಹಿಡಿದಿದ್ದಳು, ಉಗುರು ಒಳಗೆ ಹೋಗುವಷ್ಟು. ಆಗ ಕೂಗಿಬಿಡ್ಬೇಕಿತ್ತು. ಇಲ್ಲಿ ಅಲ್ಲ, ಕಬಕಕ್ಕೆ ಬನ್ನಿ, ಅಂತ. ಕೂಗಲಿಲ್ಲ. ಅಷ್ಟು ಜನರ ಎದುರು ನಾಚಿಕೆ. ವಿಡಿಯೋ ಅಳಿಸಿ ಆಯ್ತಲ್ಲ, ಇನ್ನು ಸರಿಯಾಗ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳಂತೆ. ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟು ಇದೊಂದಕ್ಕೇ. ನಾನು ಕೂಗಿದೆನಾ? ನಾನೂ ಇಲ್ಲ.

ಮೇದಪ್ಪ ಮೂರು ಸಲ ಕರೆದ. ಮೂರನೇ ಸಲಕ್ಕೆ ದೀಪ ಒಮ್ಮೆ ಬಾಗಿ ನೆಟ್ಟಗಾಯಿತು. ಎಲ್ಲರೂ ಹಿಂದೆ ನೋಡದೆ ಮನೆಗೆ ನಡೆದರು. ಒಳಕೋಣೆಯಲ್ಲಿ ಬಾಳೆಲೆಗೆ ಬಡಿಸಿ, ಬಾಗಿಲು ಎಳೆದು, ಹೊರಗೆ ಕೂತರು. ನಾವು ಜಗಲಿಯ ತುದಿಯಲ್ಲಿ.

ಒಳಗಿನಿಂದ... ಸರ್... ಸರ್... ಎಲೆಯ ಮೇಲೆ ಕೈ ಎಳೆದ ಹಾಗೆ.

ಮೇದಪ್ಪ ಬಿಕ್ಕಿ ಬಿಕ್ಕಿ ಅತ್ತ. "ಬಂತು. ಅಮ್ಮ ಬಂತು." ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳ್ಲಿ. ನಮಗೂ ಊಟ ಹಾಕಿದರು. ಆ ಸಂತೋಷದ ನಡುವೆ ಬಾವಿಯ ವಿಷಯ ಹೇಳುದು ಹೇಗೆ? ಉಂಡು ಹೊರಟೆವು. ಪುತ್ತೂರು ದಾಟುವಾಗ ದೀಕ್ಷಿತಾ ನಿದ್ದೆ ಸಹ ಮಾಡಿದಳು, ಹದಿನೈದು ದಿನದ ಮೇಲೆ.

ಕಬಕ ಮುಟ್ಟುವಾಗ ಹತ್ತೂಕಾಲು. ಆಲದ ಮರದ ಹತ್ತಿರ ನಾನೇ ಗಾಡಿ ನಿಲ್ಲಿಸಿದೆ. ಅವಳು ಬೇಡ ಬೇಡ ಅಂದಳು. ಮುಗೀತಲ್ಲ, ಒಮ್ಮೆ ನೋಡಿ ಹೋಗುವ ಅಂದೆ. ಇಂಜಿನ್ ಆಫ್ ಮಾಡಿದೆ.

ಕಿರ್... ಕಿರ್...

ನನಗೆ ಕೇಳಿದ್ದು ಅಷ್ಟೇ. ಆದ್ರೆ ಕೇಳಿದ್ದು ಹೌದು. ದೀಕ್ಷಿತಾ ಕಿಟಕಿಯಿಂದ ಹೊರಗೆ ನೋಡ್ತಾ ಕಲ್ಲಾಗಿದ್ದಳು. ಅವಳಿಗೆ ಮಾತೂ ಕೇಳಿತಂತೆ.

"ನನ್ನನ್ನು ಯಾರೂ ಕರೀಲಿಲ್ಲ..."

ಹಾಗಾದ್ರೆ ಅಲ್ಲಿ ಕರೆದಾಗ ಬಂದದ್ದು ಯಾರು?

ಎರಡು ದಿನ ಬಿಟ್ಟು ಮತ್ತೆ ಹೋದೆವು, ಹಗಲು ಹೊತ್ತಿನಲ್ಲಿ. ಈ ಸಲ ಅವಳು ಎಲ್ಲ ಹೇಳಿದಳು, ಒಂದಕ್ಷರ ಬಿಡದೆ, ಅಂಗಳದಲ್ಲೇ ನಿಂತು, ಕೈ ಮುಗಿದು. ಮೇದಪ್ಪ ಕೇಳಿದ. ಕೊನೆಗೆ ತಲೆ ಅಲ್ಲಾಡಿಸಿದ.

"ನನ್ನ ಅಮ್ಮ ಒಳಗೆ ಉಂಟು. ರಾತ್ರಿ ಅಡಿಗೆ ಕೋಣೆಯಲ್ಲಿ ನಡಿಯುದು ನನಗೆ ಕೇಳ್ತದೆ. ನಿಮ್ಮ ಬಾವಿಯ ಹತ್ತಿರ ಬಂದು ಇನ್ನು ಯಾರನ್ನು ಕರೀಲಿ? ಹೋಗಿ, ಮಾರಾಯ್ರೆ."

ಕಬಕದ ಆ ರಾಟೆ ಈಗಲೂ ನಿಂತಿಲ್ಲ. ಲೋಲಾಕ್ಷಿಯಕ್ಕ ಬೆಟ್ಟಂಪಾಡಿಯಲ್ಲಿ ತಮ್ಮನ ಮನೆಗೆ ಹೋದರು. ದೀಕ್ಷಿತಾ ಮೈಕ್ ಮತ್ತೆ ಹಿಡಿಯಲಿಲ್ಲ.

ಆದ್ರೆ ನನಗೆ ನಿದ್ದೆ ಬಾರದ್ದು ಅದಕ್ಕಲ್ಲ. ಆ ಎರಡನೇ ಸಲ ನಾವು ಹೊರಟಾಗ ಮೇದಪ್ಪನ ಹೆಂಡತಿ ಭವಿತಾ ಗೇಟಿನವರೆಗೆ ಹಿಂದೆಯೇ ಬಂದಳು. ಮನೆ ಕಡೆ ಒಮ್ಮೆ ತಿರುಗಿ ನೋಡಿ, ಸ್ವರ ತಗ್ಗಿಸಿ ಹೇಳಿದಳು.

"ಅವರಿಗೆ ಹೇಳ್ಬೇಡಿ... ಹದಿನಾರಕ್ಕೆ ಎಲೆಗೆ ಕೋಳಿ ಬಡಿಸಿದ್ದೆ. ಬಾಗಿಲು ತೆಗೆದದ್ದು ನಾನೇ. ಎಲುಬು ಸಹ ಉಳಿದಿರ್ಲಿಲ್ಲ, ಜಗಿದು ಪುಡಿ ಮಾಡಿತ್ತು. ನಮ್ಮ ಅತ್ತೆಗೆ ಬಾಯಲ್ಲಿ ಒಂದು ಹಲ್ಲಿರ್ಲಿಲ್ಲ."

ನೀವು ನಂಬಿ, ಬಿಡಿ. ಆ ಪುಡಿಯನ್ನು ಅವಳು ಪೇಪರಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬಿಚ್ಚಿ ತೋರಿಸಿದಳು. ನಾನು ಈ ಬೆರಳಿನಲ್ಲಿ ಮುಟ್ಟಿ ನೋಡಿದ್ದೇನೆ. ಎರಡು ದಿನ ಆಗಿತ್ತು... ಇನ್ನೂ ಒದ್ದೆ ಇತ್ತು.