ಮುಚ್ಚಿದ ಮೆಟ್ಟಿಲಿನ ದೀಪ

ಹಳೆಯ ಅಂಚೆ ಕಚೇರಿಯ ಹಿಂದಿನ ಬೀದಿ, ಮೂಲೆ ಮನೆಯ ಕೆಳ ಅಂತಸ್ತಿನ ವಾಸಿ, ಬೀದಿಯವರೆಲ್ಲ ‘ಕಾಯಿಲ್ ಅಕ್ಕ’ ಎಂದು ಕರೆಯುವ ನಾನು, ವಯಸ್ಸು ನಲವತ್ತೊಂಬತ್ತು ವರ್ಷ, ಉದ್ಯೋಗ ಮಿಕ್ಸಿ ಮತ್ತು ಫ್ಯಾನ್ ಮೋಟಾರುಗಳಿಗೆ ತಂತಿಯ ಕಾಯಿಲ್ ಸುತ್ತುವುದು, ಯಾರೂ ಕರೆಸದಿದ್ದರೂ ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಮೇಲಿನ ಅಂತಸ್ತಿನಲ್ಲಿ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ತೀರಿಹೋದ ಅಣ್ಣನ ಹೆಂಡತಿ, ಒಬ್ಬರೇ ಇದ್ದರು. ವಯಸ್ಸು ಐವತ್ತಾರು. ಮಂಗಳವಾರ ಬೆಳಿಗ್ಗೆ ಬಾಗಿಲು ಒಡೆದಾಗ ಅವರು ಹಾಸಿಗೆಯಲ್ಲಿ ತೀರಿಹೋಗಿದ್ದದ್ದು ಠಾಣೆಯವರಿಗೆ ಗೊತ್ತಿದೆ. ನನ್ನ ಗಂಡ ಅಂದೇ ಹೇಳಿಕೆ ಕೊಟ್ಟಿದ್ದಾರೆ. ನಮ್ಮ ನಡುಮನೆಯ ದೀಪ ಕೆಟ್ಟಿದೆಯೆಂದು ತಿಳಿದು ಬದಲಾಯಿಸಿದೆವು ಎಂದು ಅದರಲ್ಲಿ ಇದೆಯಂತೆ. ಅವರ ಮಟ್ಟಿಗೆ ಅದು ನಿಜ.

ಮೊದಲು ಇದು ಒಂದೇ ಮನೆ. ನಡುಮನೆಯಿಂದ ಮೇಲಕ್ಕೆ ಒಳಮೆಟ್ಟಿಲಿತ್ತು. ಅದಕ್ಕೆ ಒಂದು ದೀಪ, ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಯಾವುದನ್ನು ಒತ್ತಿದರೂ ಹತ್ತುತ್ತಿತ್ತು, ಆರುತ್ತಿತ್ತು. ಮಕ್ಕಳ ಕೈಗೆ ಎಟುಕಲೆಂದು ಮಾವನವರು ಮೇಲಿನ ಸ್ವಿಚ್ಚನ್ನು ಸೊಂಟದ ಎತ್ತರಕ್ಕೆ ಹಾಕಿಸಿದ್ದರು. ಓರಗಿತ್ತಿ ನನ್ನನ್ನು ಕೂಗಿ ಕರೆಯುತ್ತಿರಲಿಲ್ಲ. ದೀಪವನ್ನು ಎರಡು ಸಲ ಹಚ್ಚಿ ಆರಿಸುತ್ತಿದ್ದರು. ಎರಡು ಸಲ ಎಂದರೆ ಮೇಲೆ ಬಾ ಎಂದು. ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಹೋಗುತ್ತಿದ್ದೆ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರೆ. ನಾವು ಹನ್ನೊಂದು ವರ್ಷ ಒಬ್ಬರ ಜಡೆ ಒಬ್ಬರು ಹೆಣೆದವರು.

ಆರು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದರು. ಒಳಮೆಟ್ಟಿಲು ಒಡೆದು, ಆ ಜಾಗಕ್ಕೆ ಕಾಂಕ್ರೀಟು ಸುರಿದು, ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಹಾಕಿಸಿದರು. ನಮ್ಮ ಕಡೆ ಅದರ ಅಡಿಗೆ ಫಾಲ್ಸ್ ಸೀಲಿಂಗ್ ಕಟ್ಟಿಸಿ, ಹಲಗೆಯೊಳಗೆ ಹುದುಗಿರುವಂಥ ಆರು ದೀಪ ಕೂರಿಸಿದೆವು. ಜಗಳ ಗಂಡಂದಿರದು, ಮಾತು ಬಿಟ್ಟವರು ನಾವು, ಆಮೇಲೆ ಭಾವ ತೀರಿಹೋದಾಗಲೂ ಆಡಲಿಲ್ಲ. ಕಾಂಕ್ರೀಟು ಸುರಿದ ದಿನ ಓರಗಿತ್ತಿ, ಸದ್ಯ, ಇನ್ನು ಮುಖ ನೋಡೋದು ತಪ್ತು ಎಂದು ಕೆಲಸದವರ ಎದುರು ಅಂದರು. ನನಗೇ ಅಂದದ್ದೆಂದು ತಿಳಿದೆ. ಗಂಡಸರಿಗೆ ಅಂದಿರಲೂಬಹುದು. ನಾನು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ನಾನು ಅಂಗಡಿಯಿಂದ ಬಂದಾಗ ಆರನೆಯ ದೀಪ, ಅಂದರೆ ಹಳೆಯ ಮೆಟ್ಟಿಲಿದ್ದ ಮೂಲೆಯದು, ಕೂರಿಸಿದಾಗಿನಿಂದ ಹತ್ತದೆ ನಾವು ಹಾಗೇ ಬಿಟ್ಟಿದ್ದದ್ದು, ತಾನಾಗಿ ಹತ್ತಿ ಆರುತ್ತಿತ್ತು. ನನ್ನ ಗಂಡ ಲೂಸ್ ಕನೆಕ್ಷನ್ ಎಂದರು. ಆ ದೀಪಗಳು ಹಳೆಯ ಕಾಲದವು, ಬಹಳ ಬಿಸಿಯಾಗಿ ಸುತ್ತಲಿನ ಹಲಗೆಯೆಲ್ಲ ಕಂದು ತಿರುಗಿತ್ತು. ಆರನ್ನೂ ತೆಗೆದು ಎಲ್‌ಇಡಿ ಹಾಕಬೇಕೆಂದು ನಾನು ಹೊಸವನ್ನು ಆಗಲೇ ತಂದಿಟ್ಟಿದ್ದೆ. ನಾಳೆ ಹಾಕಿದರಾಯಿತು ಎಂದು ಊಟಕ್ಕೆ ಕುಳಿತೆವು. ದೀಪ ಹತ್ತಿ ಆರುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇನ್ ಆಫ್ ಮಾಡಿದೆ. ದೀಪಗಳು ತಣ್ಣಗಾಗಲೆಂದು ಅರ್ಧ ಗಂಟೆ ಕಾದೆ. ಏಣಿಯನ್ನು ನನ್ನ ಗಂಡ ಹಿಡಿದುಕೊಂಡರು. ಬಾಯಲ್ಲಿ ಬೆಟ್ಟ ಕೀಳುವವರು, ಆದರೆ ಏಣಿ ಮಾತ್ರ ಗಟ್ಟಿಯಾಗಿ ಹಿಡಿಯುತ್ತಾರೆ. ಪ್ರತಿ ದೀಪವನ್ನೂ ಸ್ಪ್ರಿಂಗು ಒತ್ತಿ ಕೆಳಗಿಳಿಸಿ, ವೈರಿಗೆ ಟೆಸ್ಟರ್ ಇಟ್ಟು ಕರೆಂಟಿಲ್ಲವೆಂದು ನೋಡಿ, ಆಮೇಲೆ ಬಿಚ್ಚಿದೆ. ಹೀಗೆ ಐದು ಮುಗಿದವು. ಏಣಿಯನ್ನು ಆರನೆಯದರ ಕೆಳಗೆ ಎಳೆದಾಗ ಅದು ಹತ್ತಿತು.

ಮನೆಯಲ್ಲಿ ಕರೆಂಟಿರಲಿಲ್ಲ. ನನ್ನ ಗಂಡ, ದೆವ್ವಗಿವ್ವ ಇರ್ಬೇಕು ನೋಡೇ ಎಂದು ತಮಾಷೆ ಮಾಡಿದರು. ಸೀಲಿಂಗ್ ಕಟ್ಟಿದವನು ಆ ಒಂದು ದೀಪವನ್ನು ಹಳೆಯ ಮೆಟ್ಟಿಲಿನ ವೈರಿಗೇ ಜೋಡಿಸಿ ಹೋಗಿದ್ದಾನೆ, ಆ ವೈರು ಮೇಲಿನ ಮನೆಯಿಂದ ಬರುತ್ತಿದೆ ಎಂದು ನನಗೆ ಆಗ ಹೊಳೆಯಿತು. ದೀಪವನ್ನೇ ನೋಡುತ್ತ ನಿಂತೆ. ಎರಡು ಸಲ ಹತ್ತಿ ಆರಿತು. ಸ್ವಲ್ಪ ಹೊತ್ತು ಕತ್ತಲು. ಮತ್ತೆ ಎರಡು ಸಲ. ಲೂಸ್ ಕನೆಕ್ಷನ್ನಿಗೆ ಲೆಕ್ಕ ಬರುವುದಿಲ್ಲ.

ವೈರು ಮೇಲಿನ ಮನೆಯದೆಂದಷ್ಟೇ ಹೇಳಿದಾಗ ನನ್ನ ಗಂಡ, ಮೇಲಿನ ಮೇನ್ ಆಫ್ ಆಗದೆ ಇದನ್ನ ಮುಟ್ಟಬೇಡ, ನಾನೇ ಹೋಗಿ ಅತ್ತಿಗೆಗೆ ಹೇಳಿ ಬರ್ತೀನಿ ಎಂದರು. ಅದೇ ಸರಿಯಾದ ಕ್ರಮ. ಅಂಗಡಿಯಲ್ಲಿ ಬೇರೆಯವರು ಹಾಗೆ ಮಾಡದಿದ್ದರೆ ನಾನೇ ಬೈಯುತ್ತೇನೆ. ಮೇಲಿನ ಮೇನ್ ಅವರ ಮನೆಯೊಳಗಿದೆ, ಬಾಗಿಲು ತಟ್ಟಿ ಕೇಳಬೇಕು. ನಾನು ಬೇಡ ಎಂದೆ. ಆರು ವರ್ಷ ಮಾತಿಲ್ಲದವರು ಈಗ ಸ್ವಿಚ್ಚು ಒತ್ತಿ ಕರೆದರೆ ಓಡಬೇಕೇ, ಬೇಕಿದ್ದರೆ ಬಾಯಿ ಬಿಟ್ಟು ಕರೆಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಗಂಡನಿಗೆ ಇದನ್ನು ಹೇಳಲಿಲ್ಲ. ಒಳಗೆ ಒಂದಿಷ್ಟು ಖುಷಿಯೂ ಆಗಿತ್ತು, ಅದನ್ನೂ ಹೇಳಬೇಕು. ಕೊನೆಗೂ ಕರೆದರಲ್ಲ ಎಂದು.

ಏಣಿ ಹತ್ತಿ ದೀಪ ಕಳಚಿ, ವೈರಿನ ತುದಿಗೆ ಟೆಸ್ಟರ್ ಇಟ್ಟೆ. ನನ್ನ ಹೆಬ್ಬೆರಳ ಕೆಳಗೆ ಅದು ಎರಡು ಸಲ ಕೆಂಪಗಾಯಿತು, ಆರಿತು. ಆರಿದಾಗ ವೈರಿನಲ್ಲಿ ಕರೆಂಟಿರುವುದಿಲ್ಲ. ಎರಡು ಕರೆಗಳ ನಡುವೆ ಎಷ್ಟು ಹೊತ್ತು ಸಿಗುತ್ತದೆಂದು ನೋಡಿಕೊಂಡೆ. ಮುಂದಿನ ಸಲ ಆರಿದ ಕೂಡಲೇ ತುದಿಗೆ ಪ್ಲಾಸ್ಟಿಕ್ ಕ್ಯಾಪ್ ತಿರುಗಿಸಿ ಟೇಪು ಸುತ್ತಿದೆ. ಅವರು ಕರೆದು ಕಾಯುತ್ತಿದ್ದ ಹೊತ್ತಿನಲ್ಲಿ ನಾನು ನನ್ನ ಕೈ ಕಾಪಾಡಿಕೊಂಡು ಕೆಲಸ ಮುಗಿಸಿದೆ. ಆಗ ಸಮಯ ಹನ್ನೊಂದೂವರೆ. ಹೊಸ ದೀಪಕ್ಕೆ ನಮ್ಮ ಐದನೆಯ ದೀಪದಿಂದ ವೈರು ಎಳೆದೆ. ಆರೂ ಒಂದೇ ಸಮ ಉರಿದವು. ಚೆನ್ನಾಗಿ ಬಂತು ಎಂದು ನನ್ನ ಗಂಡ ಹೊಗಳಿದರು.

ಸೋಮವಾರ ಅಂಗಡಿಗೆ ಹೋಗಿ ಬಂದೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಓರಗಿತ್ತಿಯ ಮಗಳು, ಬೇರೆ ಊರಿನಲ್ಲಿರುವವಳು, ಫೋನ್ ಮಾಡಿ, ಅಮ್ಮ ಮೂರು ದಿನದಿಂದ ಫೋನ್ ತೆಗೀತಿಲ್ಲ ಚಿಕ್ಕಮ್ಮ ಎಂದಳು. ಕಬ್ಬಿಣದ ಮೆಟ್ಟಿಲನ್ನು ನಾನು ಹೇಗೆ ಹತ್ತಿದೆನೋ ನೆನಪಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ಬಡಗಿಯನ್ನು ಕರೆಸಿ ಒಡೆಸಿದೆವು. ಅವರ ಮಂಚ ಹಳೆಯ ಮೆಟ್ಟಿಲ ಬಾಯಿದ್ದ ಗೋಡೆಗೆ ತಾಗಿತ್ತು. ಎಡಗೈ ಸ್ವಿಚ್ಚಿನ ಕೆಳಗೆ ಗೋಡೆಗೂ ಹಾಸಿಗೆಗೂ ನಡುವೆ ಜಾರಿಬಿದ್ದಿತ್ತು. ಸ್ವಿಚ್ಚಿನ ಸುತ್ತ ಸುಣ್ಣ ಉಗುರಿನಿಂದ ಕೆರೆದಂತೆ ಎದ್ದುಹೋಗಿತ್ತು.

ಶನಿವಾರ ಲಕ್ವ ಹೊಡೆದು ಬಲಭಾಗವೂ ಮಾತೂ ನಿಂತಿರಬೇಕು, ಪ್ರಾಣ ಹೋದದ್ದು ಸೋಮವಾರ ಸಂಜೆಯ ಮೇಲೆ ಎಂದು ಡಾಕ್ಟರು ತಿಳಿಸಿದರು. ಬಾಯಿ ಬಿಟ್ಟು ಕರೆಯಲು ಅವರಿಗೆ ಬಾಯಿರಲಿಲ್ಲ. ನಾನು ಟೇಪು ಸುತ್ತಿದ ಮೇಲೂ ಅವರು ಒಂದು ದಿನಕ್ಕಿಂತ ಹೆಚ್ಚು ಬದುಕಿದ್ದರು. ಅಷ್ಟು ಹೊತ್ತೂ ಒತ್ತುತ್ತಿದ್ದರೇ, ಯಾವಾಗ ಬಿಟ್ಟರು ಎಂದು ಹೇಳುವವರು ಯಾರೂ ಇಲ್ಲ.

ಬುಧವಾರ ಎಲ್ಲ ಮುಗಿಸಿ ಬಂದ ಮೇಲೆ ಏಣಿ ಹಾಕಿ ಆ ಟೇಪು ಬಿಚ್ಚಿ ಟೆಸ್ಟರ್ ಇಟ್ಟೆ. ಉರಿಯಿತು. ಆರುತ್ತದೆಂದು ಕಾದೆ. ಅವರು ಕೊನೆಯ ಸಲ ಹಚ್ಚಿದ್ದನ್ನು ಆರಿಸಿರಲಿಲ್ಲ. ನನ್ನ ಗಂಡ ಬಂದು ಇಳಿಸುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಮಗಳು ನನ್ನ ಮೇಲೆ ದೂರು ಕೊಟ್ಟಿಲ್ಲ. ನಿಮಗೆ ಹೇಗೆ ಗೊತ್ತಾಗ್ಬೇಕು ಚಿಕ್ಕಮ್ಮ, ನೀವ್ಯಾಕೆ ಕೊರಗ್ತೀರಿ ಎಂದು ನನ್ನ ತಲೆ ಸವರಿದಳು. ಆ ಕೈಯನ್ನು ತಡೆದುಕೊಳ್ಳಲಾಗದೆ ಇಲ್ಲಿಗೆ ಬಂದಿದ್ದೇನೆ.

ಬರೆದುಕೊಂಡ ಪೇದೆಯವರು ಇದನ್ನೆಲ್ಲ ನನಗೆ ಓದಿ ಹೇಳಿದರು. ನನ್ನ ಮೇಲೆ ಕನಿಕರದಿಂದ ಒಂದು ಕಡೆ ‘ದೀಪ ಕೆಟ್ಟಿದೆ ಎಂದು ತಿಳಿದು’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ ‘ಕರೆಯುತ್ತಿದ್ದಾರೆ ಎಂದು ತಿಳಿದು’ ಎಂದು ಬರೆಸಿ, ಅದರ ಪಕ್ಕದಲ್ಲೇ ಸಹಿ ಮಾಡಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಠಾಣೆ
ದಿನ: ಗುರುವಾರ, ಬೆಳಿಗ್ಗೆ 11.20
ಸಹಿ: (ಹೇಳಿಕೆ ಕೊಟ್ಟವರದು)